ಕಟ್ಟೆ ಯಾವಾಗ ತುಂಬೀತು? ಗಣಿತ ಮಾದರಿ ಕಟ್ಟುವ ಬಗೆ

ಕೊಡಗಿನಲ್ಲಿ ಮುಂಗಾರು ಹಿಡಿಯಿತೆಂದರೆ ಮಂಡ್ಯ, ಮೈಸೂರಿನ ಪತ್ರಿಕೆಗಳಲ್ಲಿ ಒಂದು ಸಣ್ಣ ಚೌಕಕ್ಕೆ ಓದುಗರು ಹೆಚ್ಚುತ್ತಾರೆ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ಭತ್ತದ ಒಟ್ಲು ಹಾಕಬಹುದೇ ಎಂದು ನಾಲೆ ಬಯಲಿನ ರೈತರು ನೋಡುತ್ತಾರೆ. ನೀರು ಎಷ್ಟು ಬಿಡುತ್ತಾರೆ ಎಂದು ಶ್ರೀರಂಗಪಟ್ಟಣದ ನದಿ ದಂಡೆಯವರು ನೋಡುತ್ತಾರೆ. ಹೊರಹರಿವು ಹೆಚ್ಚಾದರೆ ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲುತ್ತದೆ. ಚಹಾ ಅಂಗಡಿಯಲ್ಲಿ ಲೆಕ್ಕವೂ ನಡೆಯುತ್ತದೆ: "ದಿನಕ್ಕೆ ಎರಡು ಅಡಿ ಏರುತ್ತಿದೆ, ಇನ್ನು ಹತ್ತು ಅಡಿ ಬಾಕಿ. ಐದು ದಿನಕ್ಕೆ ಕಟ್ಟೆ ತುಂಬಿತು ಅಂತಲೇ ತಿಳಿಯಿರಿ."

ಈ ಮಾತು ಒಂದು ಗಣಿತ ಮಾದರಿ. ಒರಟು ಮಾದರಿ, ಹಲವು ಸಲ ತಪ್ಪಾಗುವ ಮಾದರಿ, ಆದರೂ ಮಾದರಿಯೇ. ಅದೇ ತಿಂಗಳುಗಳಲ್ಲಿ ಕಾಲೇಜುಗಳೂ ಆರಂಭವಾಗಿ, ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ 'ಗಣಿತೀಯ ಮಾದರಿ ರಚನೆ' ಎಂಬ ಭಾರೀ ಹೆಸರಿನ ವಿಷಯ ಬಂದು ಕೂರುತ್ತದೆ. ಅವಕಲನ ಸಮೀಕರಣ ಕೊಟ್ಟರೆ ಬಿಡಿಸಬಲ್ಲ ಜಾಣರು ಅನೇಕರಿದ್ದಾರೆ. ಸಮೀಕರಣ ಕೊಡದೆ, ನದಿಯನ್ನೋ ಗೋಡೆಯನ್ನೋ ತೋರಿಸಿ 'ಬರೆಯಿರಿ' ಎಂದರೆ ಅವರಲ್ಲೇ ಹಲವರ ಕೈ ನಿಲ್ಲುತ್ತದೆ. ಈ ಎರಡನೆಯ ಕೆಲಸವನ್ನೇ ಇಲ್ಲಿ ಬಿಡಿಸಿ ಹೇಳಲಾಗಿದೆ. ಉದಾಹರಣೆಗೆ ಕಣ್ಣೆದುರಿನ ಕನ್ನಂಬಾಡಿ ಕಟ್ಟೆಯೇ ಸಾಕು.

ಮಾದರಿ ಎಂದರೆ ಏನು

ಒಂದು ಪ್ರಶ್ನೆಗೆ ಉತ್ತರ ಕೊಡುವಷ್ಟು ಮಾತ್ರ ವಾಸ್ತವವನ್ನು ಅಳತೆ ಮತ್ತು ಸಂಬಂಧಗಳ ರೂಪದಲ್ಲಿ ಬರೆದರೆ ಅದು ಗಣಿತ ಮಾದರಿ. ದರ್ಜಿ ಅಂಗಿಗೆ ಅಳತೆ ತೆಗೆಯುವುದನ್ನು ನೆನಪಿಸಿಕೊಳ್ಳಿ. ಎದೆ, ತೋಳು, ಕುತ್ತಿಗೆ, ಉದ್ದ, ಇಷ್ಟನ್ನು ಬರೆದುಕೊಳ್ಳುತ್ತಾನೆ. ನಿಮ್ಮ ತೂಕ, ವಯಸ್ಸು ಅವನಿಗೆ ಬೇಡ. ಅದೇ ನೀವು ಪ್ಯಾಂಟು ಹೊಲಿಸಲು ಹೋದರೆ ತೋಳಿನ ಅಳತೆ ವ್ಯರ್ಥ. ಯಾವುದನ್ನು ಅಳೆಯಬೇಕು ಎಂಬುದನ್ನು ಬಟ್ಟೆ ನಿರ್ಧರಿಸುವ ಹಾಗೆ ಮಾದರಿಯಲ್ಲಿ ಪ್ರಶ್ನೆ ನಿರ್ಧರಿಸುತ್ತದೆ.

ಕಟ್ಟೆಯ ವಿಚಾರದಲ್ಲೂ ಇದು ಹೀಗೆಯೇ. 'ಯಾವಾಗ ತುಂಬುತ್ತದೆ' ಎಂಬ ಪ್ರಶ್ನೆಗೆ ಗೋಡೆಯ ಕಲ್ಲು ಎಂಥದ್ದೆಂಬುದು ಬೇಡ. 'ಗೋಡೆ ನಿಲ್ಲುತ್ತದೆಯೇ' ಎಂಬ ಪ್ರಶ್ನೆಗೆ ಕೊಡಗಿನ ಮಳೆ ಬೇಡ. ಒಂದೇ ಜಲಾಶಯ, ಆದರೆ ಎರಡು ಮಾದರಿ. ಹಾಗಾಗಿ ಮೊದಲ ಸಾಲಿನಲ್ಲಿ ಪ್ರಶ್ನೆಯನ್ನೇ ಬರೆಯಿರಿ. ವಿದ್ಯಾರ್ಥಿಗಳು ಬಹಳಷ್ಟು ಸಲ ಬಿಡುವುದು ಈ ಸಾಲನ್ನೇ.

ಮೊದಲು ಘಟಕ, ಆಮೇಲೆ ಗಣಿತ

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಹರಿವಿನ ದರ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ; ಅದು ಪರಿಮಾಣ. ಇವೆರಡನ್ನು ಬೆರೆಸಿ ಮಾತಾಡುವುದು ಗಂಟೆಗೆ ಕಿಲೋಮೀಟರನ್ನೂ ಕಿಲೋಮೀಟರನ್ನೂ ಕೂಡಿಸಿದಂತೆ. ಎರಡರ ನಡುವಿನ ಸೇತುವೆ ಕಾಲ. ದಿನಕ್ಕೆ 86,400 ಸೆಕೆಂಡು. 100 ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574. ಅಂದರೆ 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ನೆನಪಿದ್ದರೆ ಪತ್ರಿಕೆಯ ಚೌಕವನ್ನು ಓದುವ ರೀತಿಯೇ ಬದಲಾಗುತ್ತದೆ.

ಬಂದದ್ದು, ಹೋದದ್ದು, ಉಳಿದದ್ದು

ಮೆಕ್ಯಾನಿಕ್ಸ್‌ನ ಬಹುಪಾಲು ಮಾದರಿಗಳ ಬೆನ್ನೆಲುಬು ಒಂದೇ: ಯಾವುದೋ ಒಂದು ರಾಶಿ ತಾನಾಗಿ ಹುಟ್ಟುವುದಿಲ್ಲ, ತಾನಾಗಿ ಅಳಿಯುವುದಿಲ್ಲ. ದ್ರವ್ಯರಾಶಿ, ಸಂವೇಗ, ಶಕ್ತಿ, ಇವುಗಳಲ್ಲಿ ಯಾವುದರ ಲೆಕ್ಕ ಇಡುತ್ತೀರಿ ಎಂದು ಆರಿಸಿಕೊಳ್ಳುವುದೇ ಸಮೀಕರಣ ಬರೆಯುವ ಮೊದಲ ಹೆಜ್ಜೆ. ನ್ಯೂಟನ್ನನ ಎರಡನೇ ನಿಯಮವೂ ಸಂವೇಗದ ಜಮಾಖರ್ಚೇ. ಜಲಾಶಯದಲ್ಲಿ ನಾವು ಇಡುವುದು ನೀರಿನ ಲೆಕ್ಕ:

ಸಂಗ್ರಹ ಬದಲಾಗುವ ದರ = ಒಳಹರಿವು − ಹೊರಹರಿವು

ಇದು ಅವಕಲನ ಸಮೀಕರಣ. ಹೆಸರಿಗೆ ಹೆದರಬೇಕಿಲ್ಲ; 'ಎಷ್ಟಿದೆ' ಎಂಬುದರ ಬದಲು 'ಎಷ್ಟು ಬೇಗ ಬದಲಾಗುತ್ತಿದೆ' ಎಂದು ಹೇಳುವ ಸಮೀಕರಣ, ಅಷ್ಟೇ. ಆವಿಯಾಗುವ ನೀರು, ನೆಲಕ್ಕೆ ಇಂಗುವ ನೀರು, ಜಲಾಶಯದ ಮೇಲೇ ನೇರವಾಗಿ ಬೀಳುವ ಮಳೆ, ಇವನ್ನು ಇಲ್ಲಿ ಬಿಟ್ಟಿದ್ದೇವೆ. ಮುಂಗಾರಿನ ವಾರದ ಲೆಕ್ಕಕ್ಕೆ ಅವು ಸಣ್ಣವು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಲೆಕ್ಕ ಹಾಕುವವರು ಆವಿಯಾಗುವ ನೀರನ್ನು ಬಿಡುವಂತಿಲ್ಲ. ಬಿಟ್ಟದ್ದನ್ನು ಹೆಸರಿಸಿ ಬಿಡಬೇಕು, ಮರೆತು ಬಿಡಬಾರದು.

ಈಗ ಕಲ್ಪಿತ ಅಂಕಿಗಳನ್ನು ಹಾಕೋಣ. ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಅದು ಕಟ್ಟೆಯದ್ದೇ ಸಂಖ್ಯೆ. ಉಳಿದವು ನಮ್ಮ ಊಹೆ: ಈಗಿನ ಸಂಗ್ರಹ 30 ಟಿಎಂಸಿ, ಒಳಹರಿವು 40,000 ಕ್ಯುಸೆಕ್, ಹೊರಹರಿವು 5,000. ನಿವ್ವಳ 35,000 ಕ್ಯುಸೆಕ್, ಅಂದರೆ ದಿನಕ್ಕೆ ಸುಮಾರು 3 ಟಿಎಂಸಿ. ಬೇಕಾದದ್ದು 19.45. ಆರೂವರೆ ದಿನಕ್ಕೆ ಕಟ್ಟೆ ತುಂಬಬೇಕು. ಚಹಾ ಅಂಗಡಿಯ ಲೆಕ್ಕದ್ದೇ ಜಾತಿ ಇದು. ಇಂದಿನ ದರ ನಾಳೆಯೂ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ಮಳೆ ನಿಂತರೆ?

ಮಳೆ ನಿಂತ ಮೇಲೆ ನದಿ ಒಮ್ಮೆಗೇ ಬತ್ತುವುದಿಲ್ಲ, ಹಾಗೆಯೇ ಹರಿಯುತ್ತಲೂ ಇರುವುದಿಲ್ಲ. ಕಾಡಿನ ಮಣ್ಣಿನಲ್ಲಿ, ಹಳ್ಳಗಳಲ್ಲಿ ಉಳಿದ ನೀರು ನಿಧಾನವಾಗಿ ಬಸಿಯುತ್ತದೆ. ಉಳಿದಷ್ಟು ಹೆಚ್ಚಿದ್ದರೆ ಬಸಿಯುವುದೂ ಹೆಚ್ಚು, ಕಡಿಮೆಯಾದಂತೆ ಅದೂ ಕಡಿಮೆ. ಅತ್ಯಂತ ಸರಳ ಊಹೆಯೆಂದರೆ ಬಸಿಯುವ ದರ ಉಳಿದ ನೀರಿನ ನೇರ ಅನುಪಾತದಲ್ಲಿದೆ ಎಂಬುದು. ಅನುಪಾತದ ಸ್ಥಿರಾಂಕವನ್ನು ಒಂದು ಕಾಲಾವಧಿಯ ರೂಪದಲ್ಲಿ ಬರೆಯುವುದು ಅನುಕೂಲ; ನಮ್ಮ ಉದಾಹರಣೆಯಲ್ಲಿ ಅದು 4 ದಿನ ಎನ್ನೋಣ. ಆಗ ಒಳಹರಿವು ಘಾತೀಯವಾಗಿ ಇಳಿಯುತ್ತದೆ. ಪ್ರತಿ 4 ದಿನಕ್ಕೆ ಇದ್ದದ್ದರ ಶೇ 37ಕ್ಕೆ ಬರುತ್ತದೆ. ಅರ್ಧಕ್ಕಿಳಿಯಲು ಸುಮಾರು 2.8 ದಿನ ಸಾಕು.

ಈಗ ಅದೇ 40,000 ಕ್ಯುಸೆಕ್‌ನಿಂದ ಹೊರಟು ಲೆಕ್ಕ ಹಾಕಿ. ಇಳಿಯುತ್ತಾ ಹೋಗುವ ಹರಿವು ಕೊನೆಯವರೆಗೂ ತರುವ ಒಟ್ಟು ನೀರು 40,000 × 4 = 1,60,000 ಕ್ಯುಸೆಕ್-ದಿನ, ಅಂದರೆ 13.8 ಟಿಎಂಸಿ. ಬೇಕಾದದ್ದು 19.45! ಅನಂತ ಕಾಲ ಕಾದರೂ, ಒಂದು ಹನಿಯನ್ನೂ ಹೊರಬಿಡದಿದ್ದರೂ ಕಟ್ಟೆ ತುಂಬುವುದಿಲ್ಲ. ಹೊರಹರಿವು 5,000 ಇದ್ದರೆ ಎಂಟು ದಿನ ದಾಟುತ್ತಿದ್ದಂತೆ ಒಳಹರಿವೂ 5,000ಕ್ಕೆ ಇಳಿದು, ಸಂಗ್ರಹ 38.5 ಟಿಎಂಸಿಯಲ್ಲಿ ನಿಂತು, ಅಲ್ಲಿಂದ ಕೆಳಮುಖವಾಗುತ್ತದೆ.

ಮೊದಲ ದಿನದ ಅಂಕಿಗಳು ಎರಡೂ ಮಾದರಿಯಲ್ಲಿ ಒಂದೇ. ಒಂದು ಮಾದರಿ ಆರೂವರೆ ದಿನ ಎನ್ನುತ್ತದೆ, ಇನ್ನೊಂದು ಎಂದಿಗೂ ಇಲ್ಲ ಎನ್ನುತ್ತದೆ. ಗಣಿತದಲ್ಲಿ ತಪ್ಪಿಲ್ಲ, ವ್ಯತ್ಯಾಸ ಬಂದದ್ದು ಊಹೆಯಲ್ಲಿ. ಮಾದರಿಯ ಬಗ್ಗೆ ಜಗಳವಾಡಬೇಕಾದರೆ ಅಲ್ಲಿ ಆಡಬೇಕು, ಕೂಡಿಸಿ ಕಳೆಯುವುದರಲ್ಲಿ ಅಲ್ಲ.

'ಇರುವಷ್ಟಕ್ಕೆ ತಕ್ಕಂತೆ ಇಳಿಯುವುದು' ಎಂಬ ಈ ಸಮೀಕರಣ ಭೌತಶಾಸ್ತ್ರದಲ್ಲಿ ಎಲ್ಲೆಡೆ ಸಿಗುತ್ತದೆ. ವಿಕಿರಣಶೀಲ ಪದಾರ್ಥದ ಕ್ಷಯ, ಕೆಪಾಸಿಟರ್‌ನ ವಿದ್ಯುದಾವೇಶ ಬರಿದಾಗುವುದು, ಬಿಸಿ ವಸ್ತು ಆರುವುದು, ಎಲ್ಲಕ್ಕೂ ಇದೇ ರೂಪ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿದ ಪಾಕ ಆರುವುದಕ್ಕೂ ಅದನ್ನು ಅನ್ವಯಿಸಬಹುದು: ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟಕ್ಕೆ ತಕ್ಕ ವೇಗದಲ್ಲಿ ಆರುತ್ತದೆ ಎಂಬುದು ನ್ಯೂಟನ್ನನ ನಿಯಮ. ಆದರೆ ಬೆಲ್ಲ ಕಟ್ಟುವ ಹೊತ್ತಿಗೆ ಸಕ್ಕರೆ ಹರಳುಗಟ್ಟುತ್ತಾ ತಾನೇ ಶಾಖ ಬಿಡುತ್ತದೆ. ಆ ಘಟ್ಟದಲ್ಲಿ ಈ ಸರಳ ಸಮೀಕರಣ ಕೈಕೊಡುತ್ತದೆ. ಪ್ರತಿ ಮಾದರಿಗೂ ಹೀಗೆ ಒಂದು ಗಡಿ ಇರುತ್ತದೆ.

ಎಲ್ಲ ಅಡಿಯೂ ಒಂದೇ ಅಡಿಯಲ್ಲ

ಚಹಾ ಅಂಗಡಿಯ ಲೆಕ್ಕದಲ್ಲಿ ಇನ್ನೊಂದು ಬಿರುಕಿದೆ. ಅದು ಅಡಿಗಳನ್ನು ಎಣಿಸುತ್ತದೆ, ನೀರನ್ನಲ್ಲ. ಜಲಾಶಯ ನೆಟ್ಟಗಿನ ಗೋಡೆಯ ತೊಟ್ಟಿಯಾಗಿದ್ದರೆ 49.45 ಟಿಎಂಸಿಯನ್ನು 124.80 ಅಡಿಗೆ ಹಂಚಿ, ಪ್ರತಿ ಅಡಿಗೂ ಸುಮಾರು 0.4 ಟಿಎಂಸಿ ಎನ್ನಬಹುದಿತ್ತು. ಕಣಿವೆ ಹಾಗಿಲ್ಲ, ಮೇಲೇರಿದಂತೆ ಅಗಲವಾಗುತ್ತದೆ. ಅದನ್ನು ತಲೆಕೆಳಗಾದ ಶಂಕುವಿನಂತೆ ಕಲ್ಪಿಸಿಕೊಂಡು, ಅಳತೆಪಟ್ಟಿಯ ಸೊನ್ನೆಯೇ ತಳ ಎಂದಿಟ್ಟುಕೊಂಡರೆ, ಪರಿಮಾಣ ಎತ್ತರದ ಘನಕ್ಕೆ ಅನುಪಾತದಲ್ಲಿರುತ್ತದೆ. ಆಗ 80ನೇ ಅಡಿ ತುಂಬಲು ಸುಮಾರು 0.5 ಟಿಎಂಸಿ ಸಾಕು, ಕೊನೆಯ ಅಡಿಗೆ 1.2 ಟಿಎಂಸಿ ಬೇಕು. ದಿನಕ್ಕೆ ನಿವ್ವಳ 2 ಟಿಎಂಸಿ ಬರುತ್ತಿದ್ದರೆ 80 ಅಡಿಯ ಆಸುಪಾಸಿನಲ್ಲಿ ಮಟ್ಟ ನಾಲ್ಕಡಿ ಜಿಗಿಯುತ್ತದೆ. ತುದಿಯ ಹತ್ತಿರ ಎರಡಡಿಯನ್ನೂ ಏರುವುದಿಲ್ಲ. ನೀರು ಅಷ್ಟೇ ಬರುತ್ತಿದ್ದರೂ ಕಟ್ಟೆ 'ಸೋಮಾರಿ'ಯಾದಂತೆ ಕಾಣುವುದು ಇದರಿಂದಲೇ.

ನಿಜವಾದ ಕಣಿವೆ ಶಂಕುವೂ ಅಲ್ಲ. ಜಲಾಶಯ ನಿರ್ವಹಿಸುವ ಎಂಜಿನಿಯರುಗಳು ಭೂಮಾಪನದಿಂದ ತಯಾರಿಸಿದ ಮಟ್ಟ-ಸಂಗ್ರಹ ಕೋಷ್ಟಕವನ್ನು ಬಳಸುತ್ತಾರೆ. ಶಂಕು ನಮಗೆ ಕೊಡುವುದು ತಿಳಿವಳಿಕೆ, ಕೋಷ್ಟಕ ಅವರಿಗೆ ಕೊಡುವುದು ನಿಖರತೆ. ವಿದ್ಯಾರ್ಥಿಗೆ ಮೊದಲು ಶಂಕು ಬೇಕು.

ಗೋಡೆಯ ಮೇಲೆ ಎಷ್ಟು ಬಲ

ಈಗ ಪ್ರಶ್ನೆ ಬದಲಿಸೋಣ. 1911ರಲ್ಲಿ ಕೆಲಸ ಆರಂಭವಾದ ಈ ಅಣೆಕಟ್ಟೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ. ತನ್ನ ತೂಕದ ಬಲದಿಂದಲೇ ನೀರನ್ನು ತಡೆದು ನಿಲ್ಲುವ ಬಗೆಯದು. ನೀರು ಅದನ್ನು ಎಷ್ಟು ಬಲದಿಂದ ನೂಕುತ್ತದೆ?

ನೀರಿನ ಒತ್ತಡ ಆಳದೊಂದಿಗೆ ನೇರವಾಗಿ ಹೆಚ್ಚುತ್ತದೆ: ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಆಳ. ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಗರಿಷ್ಠ, ಸರಾಸರಿ ಅದರ ಅರ್ಧ. ಗೋಡೆಯ ಒಂದು ಮೀಟರ್ ಉದ್ದವನ್ನು ತೆಗೆದುಕೊಂಡರೆ ನೀರು ತಾಗುವ ವಿಸ್ತೀರ್ಣ ಆಳದಷ್ಟೇ. ಆದ್ದರಿಂದ

ಬಲ = ½ × ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಆಳ × ಆಳ

124.80 ಅಡಿ ಎಂದರೆ ಸುಮಾರು 38 ಮೀಟರ್. ಸಾಂದ್ರತೆ ಘನ ಮೀಟರಿಗೆ 1,000 ಕಿಲೋಗ್ರಾಂ. ಗುಣಿಸಿದರೆ ಸುಮಾರು 71 ಲಕ್ಷ ನ್ಯೂಟನ್, ಅಂದರೆ ಪ್ರತಿ ಮೀಟರ್ ಉದ್ದದ ಮೇಲೆ ಏಳು ನೂರು ಟನ್ನಿಗೂ ಹೆಚ್ಚಿನ ತೂಕದಷ್ಟು ನೂಕುಬಲ.

ಈ ಸೂತ್ರದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ಹಿನ್ನೀರು ಎಷ್ಟು ದೂರ ಹರಡಿದೆ ಎಂಬುದು ಇಲ್ಲವೇ ಇಲ್ಲ. ನೀರು ಗೋಡೆಯ ಹಿಂದೆ ನೂರು ಮೀಟರ್ ನಿಂತಿದ್ದರೂ ಹತ್ತಾರು ಕಿಲೋಮೀಟರ್ ನಿಂತಿದ್ದರೂ, ಅಲುಗಾಡದೆ ನಿಂತ ನೀರಿನ ನೂಕುಬಲ ಒಂದೇ. ಕಟ್ಟೆಯ ಮೇಲೆ ನಿಂತು ಹಿನ್ನೀರಿನ ವಿಸ್ತಾರ ನೋಡುವವರ ಮನಸ್ಸು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಒಳ್ಳೆಯ ಮಾದರಿಯಿಂದ ಆಗುವ ದೊಡ್ಡ ಉಪಕಾರವೇ ಇದು ಎಂದು ನನ್ನ ಎಣಿಕೆ: ಕಣ್ಣು ಮುಖ್ಯವೆಂದು ಹಿಡಿದದ್ದನ್ನು ಅದು ತೆಗೆದುಹಾಕುತ್ತದೆ.

ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆ ಬಲ ತಳದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ವರ್ತಿಸುವುದರಿಂದ ಗೋಡೆಯನ್ನು ಬುಡಮೇಲು ಮಾಡಲು ನೋಡುವ ತಿರುಗುಬಲ ಎಂಟು ಪಟ್ಟು. ಇಂಥ ಅಣೆಕಟ್ಟೆಗಳು ಬುಡದಲ್ಲಿ ಅಷ್ಟು ದಪ್ಪವಾಗಿರುವುದಕ್ಕೆ ಕಾರಣ ಇಲ್ಲಿದೆ. ಅಲೆ, ಹೂಳಿನ ಒತ್ತಡ, ಅಡಿಪಾಯದಡಿ ಒಸರುವ ನೀರು ಮೇಲಕ್ಕೆತ್ತುವ ಬಲ, ಭೂಕಂಪ, ಇವೆಲ್ಲ ಇಲ್ಲಿ ಬಿಟ್ಟವು. ವಿನ್ಯಾಸಕಾರರಿಗೆ ಬಿಡುವ ಸ್ವಾತಂತ್ರ್ಯವಿಲ್ಲ.

ಆಯಾಮಗಳು ಹೇಳುವ ಗುಟ್ಟು

ತೂಬಿನಿಂದ ಚಿಮ್ಮುವ ನೀರಿನ ವೇಗ ಎಷ್ಟು? ಯಾವ ನಿಯಮವೂ ನೆನಪಿಲ್ಲದಿದ್ದರೂ ಅರ್ಧ ಉತ್ತರ ಪಡೆಯಬಹುದು. ಪ್ರಭಾವ ಬೀರಬಹುದಾದವು ಆಳ (ಮೀಟರ್), ಗುರುತ್ವ ವೇಗೋತ್ಕರ್ಷ (ಮೀಟರ್/ಸೆಕೆಂಡ್²) ಮತ್ತು ಸಾಂದ್ರತೆ (ಕಿಲೋಗ್ರಾಂ/ಮೀಟರ್³). ವೇಗದಲ್ಲಿ ಕಿಲೋಗ್ರಾಂ ಇಲ್ಲ. ಕಿಲೋಗ್ರಾಮನ್ನು ಹೊಡೆದುಹಾಕಲು ಪಟ್ಟಿಯಲ್ಲಿ ಬೇರೆ ಯಾವುದೂ ಇಲ್ಲದ ಕಾರಣ ಸಾಂದ್ರತೆಯೇ ಹೊರಗೆ. ಉಳಿದ ಎರಡರಿಂದ ಮೀಟರ್/ಸೆಕೆಂಡ್ ಪಡೆಯಲು ಇರುವುದು ಒಂದೇ ದಾರಿ: ಗುಣಿಸಿ ವರ್ಗಮೂಲ ತೆಗೆಯುವುದು. ಹಾಗಾಗಿ ವೇಗ ಆಳದ ವರ್ಗಮೂಲಕ್ಕೆ ಅನುಪಾತದಲ್ಲಿರಲೇಬೇಕು. ಮುಂದಿನ ಗುಣಕ ಮಾತ್ರ ಈ ವಿಧಾನಕ್ಕೆ ಸಿಗದು. ಅದಕ್ಕೆ ಶಕ್ತಿಯ ಲೆಕ್ಕ ಬೇಕು. ಹದಿನೇಳನೇ ಶತಮಾನದ ಇಟಲಿಯ ಟಾರಿಸೆಲ್ಲಿಯ ಹೆಸರಿನಲ್ಲಿರುವ ಸೂತ್ರ ಅದನ್ನು ಪೂರೈಸುತ್ತದೆ: √(2 × ಗುರುತ್ವ ವೇಗೋತ್ಕರ್ಷ × ಆಳ). ನೀರಿನ ಮಟ್ಟಕ್ಕಿಂತ 20 ಮೀಟರ್ ಕೆಳಗಿನ ತೂಬಿನಿಂದ, ಘರ್ಷಣೆ ಬಿಟ್ಟರೆ, ಸೆಕೆಂಡಿಗೆ ಸುಮಾರು 20 ಮೀಟರ್. ಗಂಟೆಗೆ 71 ಕಿಲೋಮೀಟರ್.

ಇದೇ ವಿಚಾರವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಘಟಕವೇ ಇಲ್ಲದ ಸಂಖ್ಯೆಗಳು ಸಿಗುತ್ತವೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷ ಮತ್ತು ಆಳದ ಗುಣಲಬ್ಧದಿಂದ ಭಾಗಿಸಿದರೆ ಬರುವುದು ಶುದ್ಧ ಸಂಖ್ಯೆ. ಅದರ ವರ್ಗಮೂಲವನ್ನು ಫ್ರೌಡ್ ಸಂಖ್ಯೆ ಎನ್ನುತ್ತಾರೆ. ವಿಲಿಯಂ ಫ್ರೌಡ್ ಹತ್ತೊಂಬತ್ತನೇ ಶತಮಾನದಲ್ಲಿ ಪುಟ್ಟ ಹಡಗುಗಳನ್ನು ತೊಟ್ಟಿಯಲ್ಲಿ ಎಳೆದು ದೊಡ್ಡ ಹಡಗುಗಳ ವರ್ತನೆಯನ್ನು ಲೆಕ್ಕ ಹಾಕಿದ ಎಂಜಿನಿಯರ್. ಎರಡು ಹರಿವುಗಳ ಫ್ರೌಡ್ ಸಂಖ್ಯೆ ಒಂದೇ ಆಗಿದ್ದರೆ, ಗಾತ್ರ ಬೇರೆಯಾದರೂ ಅಲೆಗಳ ವಿನ್ಯಾಸ ಒಂದೇ. ಕೃಷ್ಣರಾಜಸಾಗರದಲ್ಲೇ ಇರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಂಥ ಕಡೆ ಅಣೆಕಟ್ಟೆ, ಕೋಡಿಗಳ ಪುಟ್ಟ ಪ್ರತಿಕೃತಿಗಳಲ್ಲಿ ನೀರು ಹರಿಸಿ ಪರೀಕ್ಷಿಸುವುದರ ಹಿಂದಿನ ತರ್ಕ ಇದು. 25ರಲ್ಲಿ 1ರಷ್ಟು ಗಾತ್ರದ ಪ್ರತಿಕೃತಿಯಲ್ಲಿ ವೇಗ ಐದನೇ ಒಂದು ಭಾಗ, ಹರಿವು 3,125ನೇ ಒಂದು ಭಾಗ. ಪ್ರತಿಕೃತಿಯ ಮೂಲಕ ಸೆಕೆಂಡಿಗೆ 10 ಲೀಟರ್ ಹರಿಸಿದರೆ ನಿಜವಾದ ಕೋಡಿಯ ಮೇಲೆ ಸೆಕೆಂಡಿಗೆ 31,250 ಲೀಟರ್ ಹರಿದದ್ದಕ್ಕೆ ಸಮ, ಅಂದರೆ ಸುಮಾರು 1,100 ಕ್ಯುಸೆಕ್.

ವಕ್ರವನ್ನು ನೇರ ಮಾಡುವುದು

ಪಿಯುಸಿ ಪ್ರಯೋಗಾಲಯದ ಸರಳ ಲೋಲಕ ಎಲ್ಲರಿಗೂ ಗೊತ್ತು. ಒಂದು ಮೀಟರ್ ದಾರಕ್ಕೆ ಆವರ್ತ ಕಾಲ ಎರಡು ಸೆಕೆಂಡು. ಈ ಉತ್ತರ ಬರುವುದು ಕೋನದ ಸೈನ್ ಬದಲು ಕೋನವನ್ನೇ ಬರೆದುಕೊಂಡದ್ದರಿಂದ. ಅದು ಮೋಸವಲ್ಲ, ಬೆಲೆ ಗೊತ್ತಿರುವ ವ್ಯಾಪಾರ: 10 ಡಿಗ್ರಿಯಿಂದ ಬಿಟ್ಟರೆ ಆವರ್ತ ಕಾಲದ ತಪ್ಪು ಶೇ 0.2, 30 ಡಿಗ್ರಿಯಿಂದ ಬಿಟ್ಟರೆ ಶೇ 1.7. ಕೈಗಡಿಯಾರ ಒತ್ತುವ ಬೆರಳಿನ ತಪ್ಪೇ ಇದಕ್ಕಿಂತ ಹೆಚ್ಚಿರಬಹುದು. ಸಣ್ಣ ಚಲನೆಗಳಿಗೆ ವಕ್ರರೇಖೆಯ ಜಾಗದಲ್ಲಿ ಅದರ ಸ್ಪರ್ಶರೇಖೆಯನ್ನು ಇಡುವ ಈ ತಂತ್ರ ಸ್ಪ್ರಿಂಗ್, ತೊಲೆ, ವಿದ್ಯುತ್ ಮಂಡಲ ಎಲ್ಲೆಡೆ ನಡೆಯುತ್ತದೆ.

ಸೂತ್ರ ಸಿಗದಿದ್ದಾಗ

ನಿಜವಾದ ಒಳಹರಿವು ಯಾವ ಅಂದವಾದ ಸೂತ್ರಕ್ಕೂ ಬಗ್ಗುವುದಿಲ್ಲ. ಆಗ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಇಂದಿನ ಸಂಗ್ರಹಕ್ಕೆ ಇಂದಿನ ನಿವ್ವಳ ಹರಿವನ್ನು ಒಂದು ದಿನದ ಮಟ್ಟಿಗೆ ಸೇರಿಸಿದರೆ ನಾಳೆಯ ಸಂಗ್ರಹ. ಅಲ್ಲಿಂದ ಮತ್ತೆ ಅದೇ. ಪಠ್ಯಪುಸ್ತಕದಲ್ಲಿ ಇದಕ್ಕೆ ಆಯ್ಲರ್ ವಿಧಾನ ಎಂದು ಹೆಸರು. ಒಂದು ಕೋಷ್ಟಕ ತಂತ್ರಾಂಶವೋ, ಬರಿಯ ಕಾಗದ ಪೆನ್ಸಿಲೋ ಸಾಕು.

ಹೆಜ್ಜೆಯ ಗಾತ್ರದಲ್ಲಿ ಮಾತ್ರ ಎಚ್ಚರ ಬೇಕು. 4 ದಿನದ ಕಾಲಾವಧಿಯ ಇಳಿಕೆಯನ್ನು ಒಂದೊಂದು ದಿನದ ಹೆಜ್ಜೆಯಲ್ಲಿ ಲೆಕ್ಕ ಹಾಕಿದರೆ 4 ದಿನದ ನಂತರ ಶೇ 31.6 ಉಳಿಯುತ್ತದೆ. ಅರ್ಧ ದಿನದ ಹೆಜ್ಜೆಯಲ್ಲಿ ಶೇ 34.4. ನಿಜವಾದ ಉತ್ತರ ಶೇ 36.8. ಹೆಜ್ಜೆ ಅರ್ಧವಾದಾಗ ತಪ್ಪೂ ಸರಿಸುಮಾರು ಅರ್ಧವಾಯಿತು. ಅದೇ 10 ದಿನದ ಹೆಜ್ಜೆ ಇಟ್ಟರೆ ನದಿ ಹಿಂದಕ್ಕೆ ಹರಿಯುತ್ತದೆ. ಉತ್ತರ ಋಣ ಸಂಖ್ಯೆಯಾಗುತ್ತದೆ. ಕಂಪ್ಯೂಟರ್ ಇದನ್ನು ದಶಮಾಂಶದ ಎಂಟು ಸ್ಥಾನಗಳವರೆಗೆ ಗಂಭೀರವಾಗಿ ಮುದ್ರಿಸಿ ಕೊಡುತ್ತದೆ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ, ಉತ್ತರ ಗಮನಾರ್ಹವಾಗಿ ಬದಲಾಗದಿದ್ದರೆ ಮಾತ್ರ ನಂಬಿ.

ಅಳತೆಯೊಂದಿಗೆ ತಾಳೆ ನೋಡುವುದು

ನಾವು 4 ದಿನ ಎಂದು ಊಹಿಸಿದ ಕಾಲಾವಧಿಯನ್ನು ಪತ್ರಿಕೆಯ ಅಂಕಿಗಳಿಂದಲೇ ಪಡೆಯಬಹುದು. ಮಳೆ ತಗ್ಗಿದ ಒಂದು ವಾರದ ಒಳಹರಿವುಗಳನ್ನು ಬರೆದುಕೊಂಡು, ಪ್ರತಿಯೊಂದರ ಲಾಗರಿದಮ್ ತೆಗೆದು, ದಿನಗಳ ಎದುರು ನಕ್ಷೆ ಬಿಡಿಸಿ. ಬಿಂದುಗಳು ಸರಳರೇಖೆಯ ಮೇಲೆ ಕೂತರೆ ಘಾತೀಯ ಇಳಿಕೆಯ ಊಹೆ ಸರಿ. ಒಳಹರಿವು ಅರ್ಧಕ್ಕಿಳಿಯಲು ಹಿಡಿದ ದಿನಗಳನ್ನು 0.69ರಿಂದ ಭಾಗಿಸಿದರೆ ಕಾಲಾವಧಿ ಸಿಗುತ್ತದೆ. ಮುಂದಿನ ಇಳಿಕೆಗೆ ಅದನ್ನೇ ಬಳಸಿ ಮುಂಚಿತವಾಗಿ ಬರೆದಿಟ್ಟು, ಆಮೇಲೆ ಹೋಲಿಸಿ. ಯಾವ ಅಂಕಿಗಳಿಂದ ಮಾದರಿ ಕಟ್ಟಿದಿರೋ ಅವೇ ಅಂಕಿಗಳ ಜೊತೆ ಹೋಲಿಸಿ ಬೆನ್ನು ತಟ್ಟಿಕೊಳ್ಳುವುದು ಪರೀಕ್ಷೆಯಲ್ಲ.

ಬಿಂದುಗಳು ರೇಖೆ ಬಿಟ್ಟು ಜಿಗಿದರೆ ಮಾದರಿಯನ್ನು ಬಯ್ಯುವ ಮೊದಲು ಮೇಲ್ಗಡೆ ನೋಡಿ. ಕನ್ನಂಬಾಡಿಗೆ ಬರುವ ನೀರು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳದ್ದು. ಹಾರಂಗಿಯಲ್ಲೂ ಹೇಮಾವತಿಯಲ್ಲೂ ಬೇರೆ ಜಲಾಶಯಗಳಿವೆ. ಅಲ್ಲಿ ಗೇಟು ಎತ್ತಿದ ದಿನ ಇಲ್ಲಿನ ಒಳಹರಿವು ಏರುವುದಕ್ಕೆ ಮಳೆಯ ಹಂಗಿಲ್ಲ. ಆ ಗೇಟುಗಳ ಹೊರಹರಿವನ್ನು ಬೇರೆ ಪದವಾಗಿ ಸಮೀಕರಣಕ್ಕೆ ಸೇರಿಸಿ, ನೀರು ಅಲ್ಲಿಂದ ಇಲ್ಲಿಗೆ ತಲುಪುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಳಿದ ಭಾಗಕ್ಕೆ ಮಾತ್ರ ಘಾತೀಯ ಇಳಿಕೆಯನ್ನು ಹೊಂದಿಸಿ ನೋಡಬೇಕು.